ಎಡಭುಜದ ಬೆಂಚು

ಅವಳು ಒಂದು ಕಣ್ಣು ಮುಚ್ಚಿ, ಉದ್ದನೆಯ ಮರದ ರೀಪನ್ನು ಕೆನ್ನೆಯ ಮಟ್ಟಕ್ಕೆ ಹಿಡಿದು, ಅದರ ಅಂಚು ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು. ಆಗ ರೀಪಿನ ಆ ತುದಿಗೆ ಸರಿಯಾಗಿ, ಶೆಡ್ಡಿನ ಬಾಗಿಲಲ್ಲಿ, ಒಬ್ಬ ಅಪರಿಚಿತನ ಮುಖ ಬಂದು ನಿಂತಿತು.

"ಕೈ ಮೇಲೆತ್ತಬೇಕಾ?" ಎಂದು ಕೇಳಿದ ಅವನು.

ಕೇಳಿದ್ದಷ್ಟೇ ಅಲ್ಲ, ಎರಡೂ ಕೈಗಳನ್ನು ನಿಜವಾಗಿಯೂ ಭುಜದವರೆಗೆ ಎತ್ತಿದ್ದ. ಮುಖದಲ್ಲಿ ಮಾತ್ರ ನಗುವಿನ ಸುಳಿವಿರಲಿಲ್ಲ.

ರೀಪು ಅವಳ ಕೈಜಾರಿ ಸಿಪ್ಪೆಯ ರಾಶಿಯ ಮೇಲೆ ಬಿತ್ತು. 'ಬನ್ನಿ ಅನ್ನು... ಯಾರು ಬೇಕಿತ್ತು ಅಂತ ಕೇಳು... ಏನಾದರೂ ಹೇಳೇ...' ಎಂದು ಮನಸ್ಸು ಚಡಪಡಿಸಿತು.

"ಅಣ್ಣ ಇಲ್ಲ," ಎಂದಳು. ಬಾಯಿಗೆ ಬಂದದ್ದು ಅಷ್ಟೇ.

"ಪರವಾಗಿಲ್ಲ, ಕಾಯ್ತೀನಿ. ಕೈ ಇಳಿಸಬಹುದು ತಾನೆ?"

ಅವಳು ತಲೆಯಾಡಿಸಿದಳು.

ಮನೆಯವರೆಲ್ಲ ಅವಳನ್ನು ಚಕ್ಕೆ ಎಂದು ಕರೆಯುತ್ತಿದ್ದರು. ಉಳಿ ತಾಗಿದರೆ ಹಾರಿಹೋಗುವ ಮರದ ಚಕ್ಕೆಯಷ್ಟೇ ಇದ್ದಾಳೆ ಎಂದು ಅಪ್ಪ ಇಟ್ಟ ಹೆಸರು. ಅಪ್ಪ ಹಾಸಿಗೆ ಹಿಡಿದಾಗ ಎಂಟನೇ ತರಗತಿಗೆ ಶಾಲೆ ಬಿಟ್ಟವಳು, ಅಪ್ಪ ಹೋದ ಮೇಲೂ ಮರಳಲಿಲ್ಲ. ಈಗ ಇಪ್ಪತ್ತಾರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಣ್ಣ ಬಾಗಿಲು, ಕಿಟಕಿ ಮಾಡುತ್ತಾನೆ. ಅವಳು ಅವನ್ನು ಉಜ್ಜಿ ನಯ ಮಾಡುತ್ತಾಳೆ. ಅಣ್ಣ ಕೆಲಸ ಹೇಳಿದರೆ "ಹೂಂ". ಅತ್ತಿಗೆ ಊಟಕ್ಕೆ ಕರೆದರೆ "ಬಂದೆ". ಕೆಲವು ದಿನ ಈ ಎರಡು ಮಾತಿನಲ್ಲೇ ಬೆಳಗು ಸಂಜೆಯಾಗಿಬಿಡುತ್ತಿತ್ತು.

ಮಾತಿಲ್ಲದವರಿಗೆ ಕಣ್ಣು ಹೆಚ್ಚು. ಯಾರ ಚಪ್ಪಲಿಯ ಯಾವ ಮಗ್ಗುಲು ಸವೆದಿದೆ, ಯಾರು ನಗುವಾಗ ನೋವು ನುಂಗುತ್ತಾರೆ, ಎಲ್ಲವೂ ಅವಳಿಗೆ ಕಾಣುತ್ತಿತ್ತು. ಕಂಡದ್ದನ್ನು ಹೇಳಲು ಯಾರೂ ಇರಲಿಲ್ಲ, ಅಷ್ಟೇ.

ಅಣ್ಣ ಬಂದ ಮೇಲೆ ಅವನು ತನ್ನ ವಿಷಯ ಹೇಳಿದ. ಪೇಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಪುಟ್ಟ ಅಂಗಡಿ ಅವನದು. ರಜಾದಿನಗಳಲ್ಲಿ ಊರಾಚೆ ಬಯಲಿನ ರೈಫಲ್ ಕ್ಲಬ್ಬಿನಲ್ಲಿ ಗುರಿ ಹೊಡೆಯುತ್ತಾನೆ, ಹೊಸಬರಿಗೆ ಕಲಿಸುತ್ತಾನೆ. ಬಯಲು ಕ್ಲಬ್ಬಿನ ಸ್ವಂತದ್ದಲ್ಲ. ಸಂಜೆಯಾದರೆ ಒಂದು ಕಡ್ಡಿಯನ್ನೂ ಬಿಡದೆ ಎಲ್ಲವನ್ನೂ ಹೊತ್ತು ತರಬೇಕು. ಅದಕ್ಕೇ ಕೂತು ಗುರಿಯಿಡಲು ಒಂದು ಬೆಂಚು ಬೇಕಾಗಿತ್ತು. ಒಬ್ಬನೇ ಬಿಚ್ಚಿ ಹೊರುವಂತಿರಬೇಕು, ಜೋಡಿಸಿ ಕೂತರೆ ಬಂಡೆಯಂತಿರಬೇಕು.

"ಇತ್ತೀಚೆಗೆ ಗುರಿ ತಪ್ತಾ ಇದೆ," ಎಂದ. "ಟೇಬಲ್ ಅಲ್ಲಾಡುತ್ತೆ... ಅದಕ್ಕೇ."

'ಅದಕ್ಕೇ' ಎನ್ನುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಚಕ್ಕೆ ಅದನ್ನು ಗಮನಿಸಿದಳು.

"ನಮ್ಮಲ್ಲಿ ಬಾಗಿಲು ಕಿಟಕಿ ಬಿಟ್ಟು ಬೇರೆ ಮಾಡಲ್ಲ ಸರ್," ಎಂದ ಅಣ್ಣ. "ಮತ್ತೆ ಬಯಲಲ್ಲಿ ಇಟ್ರೆ ಎಂಥ ಟೇಬಲ್ಲೂ ಅಲ್ಲಾಡುತ್ತೆ. ನೆಲ ಸಮ ಇರಬೇಕಲ್ಲ?"

"ಮೂರು ಕಾಲಾದ್ರೆ ಅಲ್ಲಾಡಲ್ಲ."

ಅಣ್ಣ ತಿರುಗಿ ನೋಡಿದ. ಗೋಡೆ ಮಾತಾಡಿದ್ದರೂ ಅವನಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ಯಾಕೆ?" ಎಂದು ಕೇಳಿದ ಬಂದವನು. ಕೇಳಿ ಸುಮ್ಮನಾದ.

ಆ ಸುಮ್ಮನಿರುವಿಕೆ ಅವಳಿಗೆ ಹೊಸದು. ಪ್ರಶ್ನೆ ಕೇಳಿದವರೆಲ್ಲ ಉತ್ತರವನ್ನೂ ತಾವೇ ಹೇಳಿ ಮುಂದೆ ಹೋಗುತ್ತಿದ್ದರು. ಇವನು ಕಾಯುತ್ತಿದ್ದ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಅವನು ಕಾಯುತ್ತಲೇ ಇದ್ದ.

"ನಾಲ್ಕು ಕಾಲಿದ್ರೆ... ತಗ್ಗು ದಿಣ್ಣೆ ನೆಲದಲ್ಲಿ ಒಂದು ಕಾಲು ಗಾಳೀಲಿ ಇರುತ್ತೆ. ಮೂರಕ್ಕೆ ಆ ತೊಂದರೆ ಇಲ್ಲ. ಎಲ್ಲಿಟ್ರೂ ಮೂರೂ ನೆಲ ಮುಟ್ಟುತ್ತೆ. ಕಾಲು ಅಗಲಿಸಿ ಹಾಕಬೇಕು. ಕೂತವರ ಭಾರ ಹಿಂದಿನ ಕಾಲಿನ ಮೇಲೆ ಬೀಳೋ ಹಾಗೆ ಸೀಟು ಜೋಡಿಸಿದ್ರೆ, ಅವರ ಭಾರಾನೇ ಬೆಂಚನ್ನ ಒತ್ತಿ ಹಿಡಿಯುತ್ತೆ."

ಒಂದೇ ಉಸಿರಿಗೆ ಇಷ್ಟು ಮಾತು! ಕೆನ್ನೆ ಬಿಸಿಯಾಯಿತು. ಅವಳು ರೀಪು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದಳು.

"ಇವರೇ ಮಾಡಲಿ," ಎಂದ ಅವನು.

ಅಣ್ಣ ಗಲ್ಲ ಕೆರೆದುಕೊಂಡ. ಬಂದವನು ಹೋದ ಮೇಲೆ ತಂಗಿಯ ಮುಂದೆ ಬಂದು ನಿಂತ. "ನೋಡೇ ಚಕ್ಕೆ, ನೀನೇ ಬಾಯಿಬಿಟ್ಟು ಒಪ್ಪಿಕೊಂಡ ಕೆಲಸ ಇದು. ಚೆನ್ನಾಗಿ ಬಂದ್ರೆ ಉಜ್ಜೋದು ಬಿಟ್ಟು ನನ್ನ ಸಮಕ್ಕೆ ಕೆಲಸಕ್ಕೆ ನಿಲ್ಲು. ಕೆಟ್ಟರೆ ಮಾತ್ರ, ಉಳಿ ಗರಗಸದ ಆಸೆ ಇವತ್ತಿಗೇ ಬಿಟ್ಟುಬಿಡು. ಆಯ್ತಾ?"

"ಹೂಂ," ಎಂದಳು. ಆ ಹೂಂಗೆ ಎಷ್ಟು ತೂಕವಿತ್ತು ಎಂಬುದು ಅವಳಿಗೊಬ್ಬಳಿಗೇ ಗೊತ್ತು.

* * *

ಇಂಥ ಬೆಂಚನ್ನು ಯಾರದೋ ಅಳತೆಗೆ ಮಾಡಲಾಗುವುದಿಲ್ಲ. ಅಂಗಿಯಂತೆ, ಅದು ಒಬ್ಬನ ಮೈಗೇ ಹೊಂದಬೇಕು.

ಮುಂದಿನ ಶನಿವಾರ ಅವನು ಅಳತೆ ಕೊಡಲು ಬಂದ. ಅಷ್ಟರಲ್ಲಿ ಅತ್ತಿಗೆ ಅವನಿಗೆ ಗುರಿಕಾರ ಎಂದು ಹೆಸರಿಟ್ಟಾಗಿತ್ತು.

ಚಕ್ಕೆ ಅವನನ್ನು ಒಂದು ಪೆಟ್ಟಿಗೆಯ ಮೇಲೆ ಕೂರಿಸಿದಳು. ಟೇಪು ಹಿಡಿಯಲಿಲ್ಲ. ಅಪ್ಪ ಕಲಿಸಿದ ರೀತಿ ಬೇರೆಯಿತ್ತು: ಒಂದು ಕೋಲನ್ನು ನೆಲಕ್ಕೆ ಊರಿ, ಮಂಡಿಗೆ ಒಂದು ಗೆರೆ, ಮೊಣಕೈಗೆ ಒಂದು ಗೆರೆ, ಗಲ್ಲಕ್ಕೆ ಒಂದು ಗೆರೆ. ಮಾಡುವ ಕೆಲಸವೆಲ್ಲ ಆ ಕೋಲಿನಿಂದಲೇ. ಗೆರೆ ಎಳೆಯುವಾಗ ಪೆನ್ಸಿಲ್ ಅವನ ತೋಳಿಗೆ ತಾಗಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಚುಚ್ಚಲಿಲ್ಲ," ಎಂದ ಅವನು ಮೆಲ್ಲಗೆ.

"ರೈಫಲ್ ಹಿಡಿದ ಹಾಗೆ ಕೂತ್ಕೊಳ್ಳಿ," ಎಂದು ಒಂದು ರೀಪನ್ನು ಕೊಟ್ಟಳು.

ಅವನು ಅದನ್ನು ಬಲಭುಜಕ್ಕೆ ಒತ್ತಿ ಹಿಡಿದ. ಇಪ್ಪತ್ತು ವರ್ಷದ ಅಭ್ಯಾಸ, ಭುಜ ತಾನಾಗಿಯೇ ಜಾಗ ಕೊಟ್ಟಿತು. ಆದರೆ ತಲೆ... ತಲೆ ರೀಪಿನ ಮೇಲಿನಿಂದ ದಾಟಿ ಆ ಕಡೆಗೆ ಬಾಗಿತ್ತು. ಬಲಕೆನ್ನೆ ಮರಕ್ಕೆ ತಾಗಬೇಕಾದಲ್ಲಿ ಮೂಗು ಬಂದಿತ್ತು. ಕತ್ತಿನ ನರ ಎದ್ದು ಕಾಣುತ್ತಿತ್ತು. ರೀಪಿನ ನೇರಕ್ಕೆ ಬಂದು ನಿಂತದ್ದು ಎಡಗಣ್ಣು.

ಅವಳು ಏನೂ ಕೇಳಲಿಲ್ಲ. ಗೆರೆ ಎಳೆದಳು.

ಆಮೇಲೆ ಅತ್ತಿಗೆ ಕಾಫಿ ತಂದುಕೊಟ್ಟಳು. ಕುಡಿದ ಲೋಟವನ್ನು ಅವನು ಬಲಗಡೆಯ ಹಲಗೆಯ ಮೇಲಿಟ್ಟ. ಅರ್ಧ ಲೋಟ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಅದು ಬಿದ್ದು ಉರುಳಿದಾಗ ಅವನ ಮುಖ ಒಂದು ಕ್ಷಣ ಬರಿದಾಯಿತು.

"ಅಯ್ಯೋ ಬಿಡಿ, ಸ್ಟೀಲಿನದು. ನಮ್ಮನೇಲಿ ಇವರು ದಿನಕ್ಕೆ ನಾಲ್ಕು ಬೀಳಿಸ್ತಾರೆ," ಎಂದು ಅತ್ತಿಗೆ ಗಂಡನನ್ನು ಮುಂದೆ ಮಾಡಿದಳು.

ಅವನು ನಕ್ಕ. ಚಕ್ಕೆ ನಗಲಿಲ್ಲ. 'ಬಲಗಣ್ಣು ಇವರಿಗೆ ಕಾಣ್ತಿಲ್ಲ...' ಎಂದುಕೊಂಡಳು.

ಅವಳ ಊಹೆ ನಿಜವಾಗಿತ್ತು. ಆರು ತಿಂಗಳಿಂದ ಅವನ ಬಲಗಣ್ಣಿನ ನಟ್ಟನಡುವೆ ಒಂದು ಮಸುಕು ಕೂತಿತ್ತು. ಎಲ್ಲಿ ನೋಡಿದರೆ ಅಲ್ಲಿಗೆ ಅದೂ ಬರುತ್ತಿತ್ತು. ವೈದ್ಯರಲ್ಲಿಗೆ ಅವನು ಹೋಗಿರಲಿಲ್ಲ. ಹೋದರೆ ಆ ಮಸುಕಿಗೊಂದು ಹೆಸರು ಬರುತ್ತದೆ, ಹೆಸರು ಬಂದರೆ ಅದು ಖಾಯಂ ಆಗುತ್ತದೆ ಎಂಬ ಭಯ. ಬೀಗದ ಕೆಲಸ ಬೆರಳಿನದು, ಹೇಗೋ ನಡೆಯುತ್ತಿತ್ತು. ಆದರೆ ವಾರದ ಆರು ದಿನ ಬೀಗಗಳೊಡನೆ ಕಳೆಯುವ ಒಂಟಿ ಮನುಷ್ಯನಿಗೆ ಮನುಷ್ಯರ ಸಹವಾಸ ಎಂದರೆ ಆ ಬಯಲೊಂದೇ. ಅಲ್ಲಿ ಅವನಿಗೊಂದು ಜಾಗವಿತ್ತು. ಅದನ್ನು ಕಳೆದುಕೊಳ್ಳಲು ಅವನು ಸಿದ್ಧನಿರಲಿಲ್ಲ.

* * *

ಪ್ರತಿ ಶನಿವಾರ ಅವನು ಬರತೊಡಗಿದ. ಬೆಂಚು ಎಲ್ಲಿಗೆ ಬಂತು ಎಂದು ನೋಡುವ ನೆಪ.

"ಬೆಂಚು ನೋಡೋಕೆ ಬರ್ತಾರೋ, ಬೆಂಚು ಮಾಡೋಳನ್ನ ನೋಡೋಕೋ?" ಎಂದು ಅತ್ತಿಗೆ ಕೆಣಕಿದಳು.

"ಸುಮ್ನಿರಿ ಅತ್ತಿಗೆ."

"ಓಹೋ, ಎರಡು ಮಾತು ಬಂತು! ಇರಲಿ ಇರಲಿ, ಬೆಂಚು ಮುಗಿಯೋಷ್ಟರಲ್ಲಿ ಹಾಡೂ ಹಾಡ್ತೀಯ."

ಶನಿವಾರ ಬಿಟ್ಟು ಉಳಿದ ಆರು ದಿನಗಳು ಮೊದಲಿಗಿಂತ ಉದ್ದವಾಗಿದ್ದವು. ಮೊದಲು ಒಂಟಿತನಕ್ಕೆ ಆಕಾರವಿರಲಿಲ್ಲ, ಶೆಡ್ಡಿನ ಗಾಳಿಯಂತೆ ಸುಮ್ಮನೆ ಇತ್ತು. ಈಗ ಅದು ಒಬ್ಬ ಮನುಷ್ಯ ಕೂತು ಎದ್ದುಹೋದ ಪೆಟ್ಟಿಗೆಯ ಹಾಗೆ ಎದುರಿಗೇ ಇರುತ್ತಿತ್ತು. ಅವಳು ಆ ಪೆಟ್ಟಿಗೆಯ ಮೇಲೆ ಏನನ್ನೂ ಇಡುತ್ತಿರಲಿಲ್ಲ.

ಕಾಲುಗಳು ಸಿದ್ಧವಾದವು. ಅವು ಹಲಗೆಯಡಿಯ ಗೂಡುಗಳಲ್ಲಿ ಸರಿಯಾಗಿ ಕೂರುವಂತೆ, ಬೆರಳಿನಲ್ಲೇ ಬಿಗಿಯುವ ಕಿವಿಯುಳ್ಳ ನಟ್ಟು ಹಾಕಿದಳು. ಎರಡು ಪ್ಲೈವುಡ್ ಅಂಟಿಸಿ ಮೇಲಿನ ಹಲಗೆಯನ್ನು ದಪ್ಪ ಮಾಡಿದಳು. ಉಳಿದದ್ದು ಒಂದೇ ಕೆಲಸ: ಕೂತವನ ಮೈ ಹಿಡಿಸುವಷ್ಟು ಹಲಗೆಯ ಒಂದು ಮಗ್ಗುಲನ್ನು ಕತ್ತರಿಸಿ ಕಚ್ಚು ತೆಗೆಯುವುದು.

ಕಚ್ಚು ಯಾವ ಕಡೆ ಎಂಬುದರಲ್ಲೇ ಇಡೀ ಬೆಂಚಿದೆ. ಬಲಭುಜದವನು ಎಡಗಡೆ ಕೂರುತ್ತಾನೆ. ಅವನ ಬಲಮೊಣಕೈಗೆ ಆಸರೆಯಾಗಿ ಹಲಗೆಯ ಬಾಲ ಬಲಕ್ಕೆ ಚಾಚಿರಬೇಕು. ಎಡಭುಜದವನಿಗೆ ಎಲ್ಲವೂ ತಿರುಗುಮುರುಗು. ಅವಳು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹಲಗೆಯ ಮೇಲಿಟ್ಟು ಎಷ್ಟೋ ಹೊತ್ತು ನೋಡುತ್ತಾ ನಿಂತಳು.

'ಹೇಳಿದ ಹಾಗೆ ಮಾಡಿದ್ರೆ ಕತ್ತು ಮುರ್ಕೊಂಡು ಕೂರ್ತಾರೆ. ಬೆಂಚು ಅಲ್ಲಾಡಲ್ಲ, ಗುರಿ ತಪ್ಪುತ್ತಲೇ ಇರುತ್ತೆ. ಇಲ್ಲದ ತಪ್ಪನ್ನ ಕೈಯಲ್ಲಿ ಹುಡುಕ್ತಾರೆ...'

'ಕೇಳಿಬಿಡಲಾ?'

ಕೇಳುವುದನ್ನು ಅವಳು ಮನಸ್ಸಿನಲ್ಲಿ ಹತ್ತು ಬಗೆಯಲ್ಲಿ ಆಡಿ ನೋಡಿದಳು. ನಿಮ್ಮ ಕಣ್ಣಿಗೆ ಏನಾಗಿದೆ? ಹತ್ತೂ ಬಗೆಯಲ್ಲಿ ಅದು ಮುಳ್ಳಿನಂತೆಯೇ ಇತ್ತು. ಎರಡು ಶನಿವಾರ ಬಂದವು, ಹೋದವು. ಬಾಯಿ ತೆರೆಯಲಿಲ್ಲ. ಮೂರನೆಯ ವಾರ ಅವನಿಗೆ ಬರಲಾಗಲಿಲ್ಲ.

ಅವಳು ಅಚ್ಚನ್ನು ತಿರುವಿ ಹಾಕಿ ಗೆರೆ ಎಳೆದಳು.

'ಕೂತ ತಕ್ಷಣ ಗೊತ್ತಾಗುತ್ತೆ. ಎಷ್ಟು ಹಗುರ ಅನಿಸುತ್ತೆ ಅವರಿಗೆ... ಏನೂ ಹೇಳೋದೇ ಬೇಡ.'

ಮಾತಿನಲ್ಲಿ ಹೇಳಲಾಗದ್ದನ್ನು ಮರದಲ್ಲಿ ಹೇಳಬಹುದು ಎಂದು ನಂಬಿದವಳು ಅವಳು. ಗರಗಸ ಹಿಡಿದ ಕೈ ಒಂದಿಷ್ಟೂ ನಡುಗಲಿಲ್ಲ.

* * *

ಬೆಂಚು ಒಯ್ಯುವ ದಿನ ಅವನೊಬ್ಬನೇ ಬರಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿಯೂ ತಮ್ಮ ವ್ಯಾನು ತಂದಿದ್ದರು. ನಿವೃತ್ತರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಬೆಂಚು ಹಿಡಿಸಿದರೆ ಕ್ಲಬ್ಬಿಗೂ ಆರು ಮಾಡಿಸುವ ಮಾತಿತ್ತು.

ಚಕ್ಕೆ ಅಂಗಳದ ತಗ್ಗಿನಲ್ಲೇ ಬೆಂಚು ಜೋಡಿಸಿ, ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟವಿಟ್ಟಳು. ಕಾರ್ಯದರ್ಶಿ ಹಲಗೆಯನ್ನು ಗುದ್ದಿದರು. ನೀರು ಹೊರಗೆ ಚೆಲ್ಲಲಿಲ್ಲ.

"ಭಲೇ. ನಮ್ಮ ಕ್ಲಬ್ಬಿನ ಕಟ್ಟಡಾನೂ ನೀನೇ ಕಟ್ಟಬೇಕಿತ್ತು ಕಣಮ್ಮ," ಎಂದರು. ಆಮೇಲೆ ಒಂದು ಸುತ್ತು ಬಂದು ನಿಂತರು. "ಅಲ್ಲಾ... ಏನಮ್ಮ ಇದು, ಕನ್ನಡಿ ನೋಡ್ಕೊಂಡು ಮಾಡಿದ್ಯಾ? ಇದು ಎಡಗೈಯವರ ಬೆಂಚು."

ಅಣ್ಣ ಹತ್ತಿರ ಬಂದು ನೋಡಿದ. ಅವನ ಮುಖ ಕೆಂಪಾಯಿತು.

"ಅಚ್ಚು ತಿರುವಿ ಹಾಕಿದ್ದೀಯೇನೇ?"

ಅವಳು ಗುರಿಕಾರನ ಕಡೆ ನೋಡಿದಳು. ಹಗುರಾಗುತ್ತದೆ ಎಂದುಕೊಂಡಿದ್ದ ಮುಖ ಬಿಳಿಚಿಕೊಂಡಿತ್ತು. ಅವನಿಗೆ ಅರ್ಥವಾಗಿತ್ತು. ಯಾರಿಗೂ ಹೇಳದ್ದನ್ನು ಇವಳು ಕಂಡುಹಿಡಿದಿದ್ದಾಳೆ, ಕಂಡುಹಿಡಿದು ಎಲ್ಲರ ಮುಂದೆ ಅಂಗಳದಲ್ಲಿ ಜೋಡಿಸಿ ನಿಲ್ಲಿಸಿದ್ದಾಳೆ.

"ಈ ಸಲ ನಮ್ಮ ಹುಡುಗನ ಗುರಿ ಬೇರೆ ಕೆಟ್ಟಿದೆ," ಎನ್ನುತ್ತಿದ್ದರು ಕಾರ್ಯದರ್ಶಿ ನಗುತ್ತಾ. "ಹೀಗೇ ಆದ್ರೆ ಹೊಸಬರಿಗೆ ಕಲಿಸೋಕೆ ಬೇರೆಯವರನ್ನ ಹುಡುಕಬೇಕಾಗುತ್ತೆ ಅಂತ ತಮಾಷೆ ಮಾಡ್ತಿದ್ದೆ. ಈಗ ನೋಡಿದ್ರೆ ಬೆಂಚೂ ಎಡವಟ್ಟು."

ಎಲ್ಲರೂ ಅವಳ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಮಾತು ಸಾಕಿತ್ತು. ಅವರ ಬಲಗಣ್ಣು ಕಾಣಲ್ಲ, ಅದಕ್ಕೇ ಹೀಗೆ ಮಾಡಿದೆ... ಅಷ್ಟು ಹೇಳಿದ್ದರೆ ಅಣ್ಣನ ಮುಂದೆ ಅವಳು ಗೆಲ್ಲುತ್ತಿದ್ದಳು. ಉಳಿ ಗರಗಸ ಅವಳವಾಗುತ್ತಿದ್ದವು.

"ಹೌದಣ್ಣ," ಎಂದಳು. "ಅಚ್ಚು ತಿರುಗಿಹೋಯ್ತು. ನಂದೇ ತಪ್ಪು."

ಗುರಿಕಾರ ತಲೆ ತಗ್ಗಿಸಿದ. "ನನಗೆ ಇದು ಬೇಡ," ಎಂದಷ್ಟೇ ಹೇಳಿ ವ್ಯಾನಿನ ಕಡೆ ನಡೆದ. ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ.

* * *

ಅಣ್ಣ ಹತ್ತೇ ದಿನದಲ್ಲಿ ಬಲಭುಜದ ಬೆಂಚು ಮಾಡಿದ. ಕಾಲು, ಗೂಡು, ಸೀಟು ಎಲ್ಲ ಅವಳದೇ ಲೆಕ್ಕಾಚಾರ, ಕಚ್ಚು ಮಾತ್ರ ಇನ್ನೊಂದು ಕಡೆಗೆ. ತಾನೇ ಹೋಗಿ ಕೊಟ್ಟುಬಂದ. ಅವಳಿಗೆ ಮತ್ತೆ ಉಜ್ಜುವ ಕಾಗದ ಬಂತು.

ಎಡಭುಜದ ಬೆಂಚು ಅಂಗಳದಲ್ಲೇ ಉಳಿಯಿತು. ಅತ್ತಿಗೆ ಅದರ ಮೇಲೆ ತರಕಾರಿ ಹೆಚ್ಚತೊಡಗಿದಳು. "ಒಂಚೂರೂ ಅಲ್ಲಾಡಲ್ಲ ಕಣೇ. ಇಷ್ಟು ದಿನ ಅಡುಗೆಮನೆ ಕಟ್ಟೆ ಮೇಲೆ ಯಾಕೆ ಹೆಚ್ಚುತ್ತಿದ್ದೆನೋ," ಎಂದು ಸಮಾಧಾನ ಮಾಡಲು ನೋಡಿದಳು. ಚಕ್ಕೆ "ಹೂಂ" ಎಂದಳು.

ಶನಿವಾರಗಳು ಬಂದವು. ಗೇಟು ಸದ್ದಾದಾಗಲೆಲ್ಲ ಕೈ ತಾನಾಗಿ ನಿಲ್ಲುತ್ತಿತ್ತು. ಹಾಲಿನವನು, ಪಕ್ಕದ ಮನೆಯವರು, ಕಿಟಕಿ ಮಾಡಿಸಲು ಬಂದ ದಂಪತಿ. ಅವನಲ್ಲ. ಒಂದು ದಿನ ಬೀಗದ ಅಂಗಡಿಯ ಎದುರಿನ ರಸ್ತೆಯವರೆಗೆ ಹೋಗಿ, ಅವನ ಬಾಗಿದ ತಲೆಯನ್ನು ದೂರದಿಂದ ನೋಡಿ, ವಾಪಸ್ಸು ಬಂದಳು. ಹೋಗಿ ಏನು ಹೇಳುವುದು? ಕ್ಷಮಿಸಿ ಎನ್ನಲೂ ಬಾಯಿ ಬೇಕು.

'ತಿಳ್ಕೊಂಡಿದ್ದೀನಿ ಅಂದ್ಕೊಂಡೆ. ನೋಡೋದು ಬೇರೆ, ತಿಳಿಯೋದು ಬೇರೆ... ಅವರು ಮುಚ್ಚಿಟ್ಟದ್ದನ್ನ ತೆಗೆಯೋಕೆ ನಾನ್ಯಾರು?'

ರಾಶಿ ಬಾಗಿಲುಗಳನ್ನು ಉಜ್ಜಿದಳು. ಬೆರಳ ತುದಿಯ ಗೆರೆಗಳು ಸವೆದು ನುಣುಪಾದವು.

ಅವನಿಗೂ ದಿನಗಳು ಸುಲಭವಾಗಿರಲಿಲ್ಲ. ಹೊಸ ಬೆಂಚು ಬಂಡೆಯಂತಿತ್ತು. ರೈಫಲಿನಡಿಯ ಮರಳುಚೀಲ ಕೂಡ ಮಿಸುಕುತ್ತಿರಲಿಲ್ಲ. ಗುಂಡುಗಳು ಮಾತ್ರ ಮೊದಲಿನಂತೆಯೇ ಎಲ್ಲೆಲ್ಲೋ ಬೀಳುತ್ತಿದ್ದವು. ಇಷ್ಟು ದಿನ ದೂರಲು ಒಂದು ಟೇಬಲ್ ಇತ್ತು. ಈಗ ಅದೂ ಇರಲಿಲ್ಲ. ಬೆಂಚು ಅಲ್ಲಾಡದೆ ನಿಂತು ಅವನ ಸುಳ್ಳನ್ನೆಲ್ಲ ಅಲ್ಲಾಡಿಸಿಬಿಟ್ಟಿತ್ತು.

ಏಳನೆಯ ವಾರ ಅವನು ಕಣ್ಣಿನ ವೈದ್ಯರಲ್ಲಿಗೆ ಹೋದ. ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ಆಗ ಅವನಿಗೆ ನೆನಪಾದದ್ದು ವೈದ್ಯರ ಮಾತಲ್ಲ. ಅಂಗಳದ ನಡುವೆ ನಿಂತು 'ನಂದೇ ತಪ್ಪು' ಎಂದ ಒಂದು ಸಣ್ಣ ದನಿ.

* * *

ಅವತ್ತು ಶನಿವಾರವಲ್ಲ. ಅದಕ್ಕೇ ಗೇಟಿನ ಸದ್ದಿಗೆ ಅವಳು ತಲೆಯೆತ್ತಲಿಲ್ಲ.

"ಆ ಇನ್ನೊಂದು ಬೆಂಚು ಇದೆಯಾ?"

ಅವಳ ಕೈಯ ಕಾಗದ ಅಲ್ಲೇ ನಿಂತಿತು.

"ಇದೆ," ಎಂದಳು ಅಂಗಳದಲ್ಲಿದ್ದ ಅತ್ತಿಗೆ. "ಆದ್ರೆ ಈಗ ಅದರ ಮೇಲೆ ಬದನೆಕಾಯಿ ಇದೆ."

ಅಣ್ಣ ಶೆಡ್ಡಿನಿಂದ ಹೊರಗೆ ಬಂದ. ಗುರಿಕಾರ ಅವನೆದುರು ನಿಂತು ನೇರವಾಗಿ ಹೇಳಿದ: "ನಿಮ್ಮ ತಂಗಿ ತಪ್ಪು ಮಾಡಿರಲಿಲ್ಲ. ನನ್ನ ಬಲಗಣ್ಣು ಹೋಗ್ತಾ ಇದೆ. ನಾನು ಯಾರಿಗೂ ಹೇಳಿರಲಿಲ್ಲ. ಇವರು ನೋಡಿ ತಿಳ್ಕೊಂಡು ಎಡಭುಜಕ್ಕೆ ಮಾಡಿದ್ರು. ಅವತ್ತು ನನ್ನ ಮಾನ ಉಳಿಸೋಕೆ ತಪ್ಪು ಒಪ್ಕೊಂಡ್ರು. ನಾನು ಬಾಯಿ ಮುಚ್ಕೊಂಡು ನಿಂತಿದ್ದೆ."

ಅಣ್ಣ ತಂಗಿಯ ಕಡೆ ತಿರುಗಿದ. "ಇವಳಾದ್ರೂ ಆಮೇಲೆ ಬಾಯಿಬಿಟ್ಟು ಹೇಳಬಾರದಿತ್ತಾ ನನಗೆ?"

"ನಿಮ್ಮ ತಂಗಿ ತಾನಾಗಿ ಬಾಯಿಬಿಟ್ಟಿದ್ದು ಹಲ್ಲು ಹುಟ್ಟುವಾಗಲೇ ಇರಬೇಕು," ಎಂದಳು ಅತ್ತಿಗೆ. "ಬನ್ರೀ ಈ ಕಡೆ. ಬುಟ್ಟಿ ಎತ್ತಿಕೊಡಿ."

ಅಣ್ಣ ಬುಟ್ಟಿ ಎತ್ತಿಕೊಂಡ. ಹೋಗುತ್ತಾ ತಂಗಿಯ ಕೈಯಿಂದ ಉಜ್ಜುವ ಕಾಗದ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ. "ನಾಳೆಯಿಂದ ಗರಗಸ ಹಿಡಿ," ಎಂದು ಗೊಣಗಿದ. ಅವನ ಕ್ಷಮೆ ಅಷ್ಟೇ. ಅವಳಿಗೆ ಅದು ಸಾಕಿತ್ತು.

ಅಂಗಳದಲ್ಲಿ ಇಬ್ಬರೇ ಉಳಿದರು.

ಅವನು ಬೆಂಚಿಗೆ ಕೂತ. ಬರಿಗೈಯನ್ನೇ ಎಡಭುಜಕ್ಕೆ ಎತ್ತಿದ. ಕತ್ತು ನೆಟ್ಟಗಿತ್ತು, ಮೊಣಕೈಗೆ ಹಲಗೆಯ ಬಾಲ ಸಿಕ್ಕಿತು. ಒಂದು ದೀರ್ಘ ಉಸಿರು ಅವನಿಂದ ಹೊರಬಂತು.

"ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು," ಎಂದ. "ಈಗಲೂ ಸ್ವಲ್ಪ ಇದೆ. ನೀವು ನನ್ನನ್ನ ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದಳು. ಕಣ್ಣು ತುಂಬಿತು. "ಎರಡು ಶನಿವಾರ ಕೇಳೋಣ ಅಂತಾನೇ ಇದ್ದೆ. ನನಗೆ... ಮಾತು ಬರಲ್ಲ. ಮಾಡಿಬಿಟ್ರೆ ಕೇಳೋ ಕಷ್ಟ ಇರಲ್ಲ ಅಂದ್ಕೊಂಡೆ. ನಿಮಗೆ ಎಷ್ಟು ನೋವಾಗುತ್ತೆ ಅಂತ ಯೋಚಿಸಲಿಲ್ಲ."

"ಕೇಳಿದ್ರೂ ನಾನು ನಿಜ ಹೇಳ್ತಿರಲಿಲ್ಲ."

"ಆದ್ರೂ ಕೇಳಬೇಕಿತ್ತು."

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಆಮೇಲೆ ವೈದ್ಯರು ಹೇಳಿದ್ದನ್ನು ಹೇಳಿದ. ಬಲಗಣ್ಣಿನ ಮಸುಕು ಹೋಗುವುದಿಲ್ಲ, ಎಡಗಣ್ಣಿಗೆ ಏನೂ ಆಗಿಲ್ಲ. ಕಾರ್ಯದರ್ಶಿಗೂ ತಿಳಿಸಿದ್ದಾನೆ. ಅವರು ಮೊದಲ ಬಾರಿಗೆ ಜೋಕು ಮಾಡದೆ ಐದು ನಿಮಿಷ ಕೂತಿದ್ದರಂತೆ. ಕಲಿಸಲು ಕಣ್ಣಿಗಿಂತ ತಾಳ್ಮೆ ಬೇಕು, ನೀನು ಮುಂದುವರಿಸು ಎಂದರಂತೆ.

"ನಾನು ಮಾತ್ರ ಎಡಭುಜದಲ್ಲಿ ಮೊದಲಿಂದ ಕಲೀಬೇಕು. ಅ ಆ ಇ ಈ ಇಂದ," ಎಂದ. ಸ್ವಲ್ಪ ತಡೆದು, "ಭಾನುವಾರ ಬಯಲಿಗೆ ಬರ್ತೀರಾ? ಬೆಂಚು ಜೋಡಿಸೋದು ನನಗೆ ಬರಲ್ಲ."

"ಮೂರು ನಟ್ಟು ತಿರುಗಿಸೋಕೆ ಬರಲ್ವಂತೆ, ಪಾಪ," ಎಂದು ಅಡುಗೆಮನೆಯ ಕಿಟಕಿ ಹೇಳಿತು.

* * *

ಬಯಲು ಅವಳು ಊಹಿಸಿದ್ದಕ್ಕಿಂತ ದೊಡ್ಡದಾಗಿತ್ತು. ದೂರದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಬಿಳಿಯ ಗುರಿಹಾಳೆಗಳು. ಜೊತೆಗೆ ಬಂದಿದ್ದ ಅತ್ತಿಗೆ ಮರದ ನೆರಳಿನಲ್ಲಿ ಕಾರ್ಯದರ್ಶಿಯ ಹಳೆಯ ಕತೆಗಳಿಗೆ ಸಿಕ್ಕಿಹಾಕಿಕೊಂಡಿದ್ದಳು.

ಅವನು ಅವಳ ಕೈಗೆ ಕಿವಿ ಮುಚ್ಚುವ ದಪ್ಪನೆಯ ಜೋಡಿಯೊಂದನ್ನು ಕೊಟ್ಟ, ತಾನೂ ಒಂದನ್ನು ಹಾಕಿಕೊಂಡ. ಲೋಕದ ಸದ್ದೆಲ್ಲ ಒಮ್ಮೆಲೇ ದೂರ ಹೋಯಿತು.

ಮೊದಲ ಗುಂಡು ಹಾಳೆಗೆ ತಾಗಲೇ ಇಲ್ಲ. ಎರಡನೆಯದೂ ಅಷ್ಟೇ. ಮೂರನೆಯದು ದಿಬ್ಬದ ಮಣ್ಣು ಹಾರಿಸಿತು. ನಾಲ್ಕನೆಯದಕ್ಕೆ ಹಾಳೆಯ ಒಂದು ಮೂಲೆಯಲ್ಲಿ ತೂತು ಬಿತ್ತು. ಇಪ್ಪತ್ತು ವರ್ಷ ಗುರಿ ತಪ್ಪದಿದ್ದವನು, ಹೊಸ ಭುಜದಲ್ಲಿ ಮಗುವಿನಂತೆ ತಡವರಿಸುತ್ತಿದ್ದ. ತಪ್ಪಿದಾಗಲೆಲ್ಲ ಮತ್ತೆ ಉಸಿರು ಹಿಡಿದು ಕೂರುತ್ತಿದ್ದ.

ಅವಳು ಅವನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು. 'ಇವತ್ತು ಸಂಜೆ ಬೆಂಚು ಬಿಚ್ಚಿ ಒಯ್ತಾರೆ. ಇನ್ನು ಇವರಿಗೆ ನಮ್ಮನೆಗೆ ಬರೋಕೆ ನೆಪ ಇಲ್ಲ. ನಾನು ಮತ್ತೆ ಆ ಶೆಡ್ಡಿಗೆ... ಆ ಆರು ದಿನಕ್ಕೆ... ಏಳು ದಿನಕ್ಕೆ...'

"ನನಗೆ ನಿಮ್ಮ ಜೊತೆ ಇರಬೇಕು," ಎಂದಳು.

ಕಿವಿ ಮುಚ್ಚಿದ್ದರಿಂದ ಅವಳ ದನಿ ಅವಳ ತಲೆಯೊಳಗೇ ದೊಡ್ಡದಾಗಿ ಮೊಳಗಿತು. ಹೊರಗೆ ಎಷ್ಟು ಹೋಯಿತೋ ತಿಳಿಯದು. ಐದನೆಯ ಗುಂಡು ಹಾರಿತು.

ಅವನು ರೈಫಲ್ ಖಾಲಿ ಮಾಡಿ ಪಕ್ಕಕ್ಕಿಟ್ಟು, ಕಿವಿಯ ಜೋಡಿ ತೆಗೆದು ತಿರುಗಿದ. ಅವಳೂ ತನ್ನದನ್ನು ತೆಗೆದಳು.

"ಏನೋ ಹೇಳಿದ ಹಾಗಿತ್ತು?"

'ಏನಿಲ್ಲ' ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ಅಲ್ಲೇ ಇತ್ತು.

"ಹೇಳಿದೆ."

"ಕಿವಿ ಮುಚ್ಚಿತ್ತು."

"ಗೊತ್ತು. ಅದಕ್ಕೇ ಹೇಳಿದ್ದು."

ಅವನ ತುಟಿಯಂಚಿನಲ್ಲಿ ನಗು ಮೂಡಿತು. ಆದರೂ ನೆರವಿಗೆ ಬರಲಿಲ್ಲ, ಅವಳ ಮಾತನ್ನು ತಾನು ಆಡಲಿಲ್ಲ. ಬೆಂಚಿನ ಮೇಲೆ ಹಾಗೇ ತಿರುಗಿ ಕೂತು ಕಾದ.

ಅವಳು ಕೈಗಳೆರಡನ್ನೂ ಹಿಂದಕ್ಕೆ ಕಟ್ಟಿಕೊಂಡಳು. ನಡುಗುತ್ತಿದ್ದವು. ಗರಗಸ ಹಿಡಿದಾಗ ನಡುಗದ ಕೈಗಳು!

"ಹಿಂದೆ ನಿಮ್ಮನ್ನ ಕೇಳದೇ ಮಾಡಿದೆ," ಎಂದಳು. "ಇದನ್ನ ಕೇಳಿಯೇ ಮಾಡಬೇಕು. ನನ್ನನ್ನ... ಮದುವೆ ಆಗ್ತೀರಾ?"

ಗಾ‍ಳಿಗೆ ದೂರದ ಹಾಳೆ ಪಟಪಟ ಎಂದಿತು.

"ನನಗೆ ಒಂದು ಕಣ್ಣು ಸರಿಯಿಲ್ಲ," ಎಂದ ಅವನು.

"ನನಗೆ ಮಾತು ಸರಿಯಿಲ್ಲ."

"ಈಗ ಆಡಿದ್ದು ಸರಿಯಾಗೇ ಇತ್ತು."

"ಹಾಗಾದ್ರೆ ಉತ್ತರ ಹೇಳಿ."

"ಆಗ್ತೀನಿ," ಎಂದ. ದನಿ ಒಡೆದಿತ್ತು. ಸೀಟಿನ ಮೇಲೆ ಒಂದಿಷ್ಟು ಸರಿದು ಅವಳಿಗೆ ಜಾಗ ಮಾಡಿದ. ಅವಳು ಅಂಚಿನಲ್ಲಿ, ಬೀಳುವಂತೆ, ಕೂತಳು.

"ಇನ್ನೊಂದು ಸಲ ಕೇಳ್ತೀರಾ?"

"ಉತ್ತರ ಸಿಕ್ತಲ್ಲ?"

"ಉತ್ತರಕ್ಕಲ್ಲ," ಎಂದ ಅವನು. "ನಿಮ್ಮ ದನಿ ಕೇಳೋಕೆ."